ಪಿಸಿಟಿ ಅಪ್ಲಿಕೇಶನ್ ಬೇಗ ಪರೀಕ್ಷೆಗೆ ಬರ್ಬೇಕಾ? ಪಿಪಿಎಚ್ ಮತ್ತೆ ಉಳಿದ ದಾರಿಗಳು, ಹಂತ ಹಂತವಾಗಿ

ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ಪೇಟೆಂಟ್ ಕೇಳೋಕೆ ಇರೋ ದಾರಿ ಪಿಸಿಟಿ. ಅದರ ಅಪ್ಲಿಕೇಶನ್ ಹಾಕಿದೋರಲ್ಲಿ ಎರಡು ಥರ ಜನ ಇರ್ತಾರೆ. ಕೆಲವರಿಗೆ ಆಯಾ ದೇಶದ ಆಫೀಸಿಗೆ ಹೋಗೋಕೆ 30 ತಿಂಗಳು ಟೈಮ್ ಸಿಕ್ತಲ್ಲ ಅನ್ನೋ ನೆಮ್ಮದಿ, ಇನ್ನು ಕೆಲವರಿಗೆ ಅಯ್ಯೋ 30 ತಿಂಗಳು ಕಾಯ್ಬೇಕಾ ಅನ್ನೋ ಸಂಕಟ. ಈ ಲೇಖನ ಎರಡನೇ ಗುಂಪಿಗೆ. ಹೂಡಿಕೆ ಮಾಡೋರು ಗ್ರಾಂಟ್ ಆದ ಪೇಟೆಂಟ್ ತೋರ್ಸಿ ಅಂತ ಕೂತಿರಬಹುದು, ಯಾರೋ ಆಗ್ಲೇ ಕಾಪಿ ಹೊಡೀತಿರಬಹುದು, ಲೈಸೆನ್ಸ್ ಮಾತುಕತೆ ಅರ್ಧಕ್ಕೆ ನಿಂತಿರಬಹುದು. ಕಾರಣ ಏನೇ ಇರ್ಲಿ, ದಾರಿ ಇದೆ.

ಆದ್ರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಫಾಸ್ಟ್ ಟ್ರ್ಯಾಕ್ ಅಂದ್ರೆ ಕೊನೇಲಿ ತುಂಬಿ ಕೊಡೋ ಒಂದು ಫಾರ್ಮ್ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಫಾರ್ಮ್ ಇದೆ ನಿಜ, ಆದ್ರೆ ಅದು ಪಾಸಾಗತ್ತೋ ಇಲ್ವೋ ಅನ್ನೋದು ಅದಕ್ಕೂ ಎಷ್ಟೋ ತಿಂಗಳ ಮುಂಚೆ, ನೀವು ಕ್ಲೇಮ್ (ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳೋ ವಾಕ್ಯ) ಬರೆಯೋವಾಗ ಮತ್ತೆ ಸರ್ಚ್ ಮಾಡೋ, ಅಂದ್ರೆ ಹಳೇ ದಾಖಲೆ ಹುಡುಕಿ ನೋಡೋ, ಆಫೀಸ್ ಆರಿಸೋವಾಗ್ಲೇ ಮುಕ್ಕಾಲು ಪಾಲು ತೀರ್ಮಾನ ಆಗೋಗಿರತ್ತೆ. ಅದಕ್ಕೇ ಇಲ್ಲಿ ಶುರುವಿನ ಹಂತಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೀನಿ.

ಮೊದಲು ಕ್ಯಾಲೆಂಡರ್ ಹಾಕ್ಕೊಳ್ಳಿ

ಪಿಸಿಟಿ ಅಂದ್ರೆ ಪೇಟೆಂಟ್ ಸಹಕಾರ ಒಪ್ಪಂದ. 1970ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಆಗಿ 1978ರಿಂದ ಜಾರಿಲಿದೆ, ನಡೆಸೋದು ಜಿನೀವಾದ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ), 150ಕ್ಕೂ ಹೆಚ್ಚು ದೇಶಗಳು ಸದಸ್ಯರು. ಇದರಿಂದ ಪೇಟೆಂಟ್ ಸಿಗಲ್ಲ, ಪೇಟೆಂಟ್ ಕೊಡೋದು ಆಯಾ ದೇಶದ ಅಥವಾ ಪ್ರಾಂತ್ಯದ ಆಫೀಸೇ. "ಇಂಟರ್‌ನ್ಯಾಷನಲ್ ಪೇಟೆಂಟ್ ತಗೊಂಡಿದ್ದೀವಿ" ಅಂತ ಯಾರಾದ್ರೂ ಹೇಳಿದ್ರೆ ಸುಮ್ನೆ ನಕ್ಕುಬಿಡಿ, ಅಂಥದ್ದು ಇಲ್ಲ.

ಒಂದು ಉದಾಹರಣೆ ತಗೊಳ್ಳೋಣ. ನಿಮ್ಮ ಮೊದಲ ಅಪ್ಲಿಕೇಶನ್ 2024ರ ಜನವರಿ 10ಕ್ಕೆ ಹಾಕಿದ್ದು, ಅದೇ ಪ್ರಯಾರಿಟಿ ಡೇಟ್, ಮುಂದಿನ ಗಡುವುಗಳನ್ನ ಎಣಿಸೋದು ಇಲ್ಲಿಂದ. ಪಿಸಿಟಿ ಹಾಕೋಕೆ 12 ತಿಂಗಳು, ಅಂದ್ರೆ 2025ರ ಜನವರಿ 10ರವರೆಗೆ. ಕೊನೇ ದಿನ ಹಾಕಿದ್ರೆ ಸರ್ಚ್ ಆಫೀಸಿಗೆ ಕಾಪಿ ಹೋಗಿ ಅಲ್ಲಿಂದ 3 ತಿಂಗಳಲ್ಲಿ, ಅಥವಾ ಪ್ರಯಾರಿಟಿಯಿಂದ 9 ತಿಂಗಳಲ್ಲಿ, ಇವೆರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ಸರ್ಚ್ ರಿಪೋರ್ಟೂ ರಿಟನ್ ಒಪಿನಿಯನ್ನೂ (ಯಾವ ಕ್ಲೇಮ್ ಸರಿ, ಯಾವುದು ಅಲ್ಲ ಅನ್ನೋ ಲಿಖಿತ ಅಭಿಪ್ರಾಯ) ಬರ್ಬೇಕು, ಅದು ಸುಮಾರಾಗಿ 16ನೇ ತಿಂಗಳ ಹತ್ರ ಬೀಳತ್ತೆ. 18 ತಿಂಗಳು ಕಳೆದ ಕೂಡಲೇ, ಅಂದ್ರೆ 2025ರ ಜುಲೈ 10ರ ಸುಮಾರಿಗೆ, ಪಬ್ಲಿಷ್ ಆಗತ್ತೆ. 22 ತಿಂಗಳಿಗೆ, ನವೆಂಬರ್ 10ಕ್ಕೆ, ಚಾಪ್ಟರ್ 2ರ ಡಿಮ್ಯಾಂಡ್ (ಪಿಸಿಟಿ ಹಂತದಲ್ಲೇ ಇನ್ನೊಂದು ಸಲ ಪರೀಕ್ಷೆ ಮಾಡಿ ಅನ್ನೋ ಅರ್ಜಿ) ಹಾಕೋ ಗಡುವು, ಸರ್ಚ್ ರಿಪೋರ್ಟ್ ತಡವಾಗಿದ್ರೆ ಅದು ಬಂದು 3 ತಿಂಗಳವರೆಗೆ. 30 ತಿಂಗಳು ಅಂದ್ರೆ 2026ರ ಜುಲೈ 10ಕ್ಕೆ ಅಮೆರಿಕ, ಜಪಾನ್‌ನಂಥ ಕಡೆ ನ್ಯಾಷನಲ್ ಫೇಸ್ ಎಂಟ್ರಿ ಗಡುವು, ಅಂದ್ರೆ ಆ ದೇಶದ ಆಫೀಸಿಗೆ ಅಪ್ಲಿಕೇಶನ್ ಒಯ್ಯೋ ಕೊನೇ ದಿನ. ಯುರೋಪಿಯನ್ ಆಫೀಸ್, ಕೊರಿಯಾ, ಆಸ್ಟ್ರೇಲಿಯಾ, ಬ್ರಿಟನ್, ಭಾರತದಲ್ಲಿ 31 ತಿಂಗಳು. ಚೀನಾದಲ್ಲಿ 30, ಫೀಸ್ ಕಟ್ಟಿದ್ರೆ ಇನ್ನೆರಡು.

ಈಗ ಈ ಕ್ಯಾಲೆಂಡರ್ ನೋಡಿ, 16ನೇ ತಿಂಗಳಿಗೆ ಒಪಿನಿಯನ್ ಕೈಗೆ ಬಂದಾಯ್ತು, ಎಂಟ್ರಿ ಗಡುವು 30ಕ್ಕೆ. ಮಧ್ಯದ ಈ 14 ತಿಂಗಳೇ ನಿಮ್ಮ ದಾಸ್ತಾನು. ಅವಸರ ಇರೋರು ಕಡಿಮೆ ಮಾಡ್ಬೇಕಾಗಿರೋದು ಮೊದಲು ಇದನ್ನ, ಆಮೇಲೆ ಆಫೀಸಿನ ಕ್ಯೂನ.

ಸರ್ಚ್ ಆಫೀಸ್ ಆರಿಸೋದು

ನೀವು ಅಪ್ಲಿಕೇಶನ್ ಹಾಕೋ ರಿಸೀವಿಂಗ್ ಆಫೀಸ್ ಯಾವ್ಯಾವ ಸರ್ಚ್ ಅಥಾರಿಟಿಗಳನ್ನ ಒಪ್ಪತ್ತೆ ಅನ್ನೋ ಪಟ್ಟಿ ಇರತ್ತೆ, ಒಂದಕ್ಕಿಂತ ಹೆಚ್ಚಿದ್ರೆ ಆಯ್ಕೆ ನಿಮ್ದು. ಸಾಮಾನ್ಯವಾಗಿ ಜನ ಇಲ್ಲಿ ಫೀಸ್ ಮಾತ್ರ ನೋಡಿ ಟಿಕ್ ಹಾಕಿಬಿಡ್ತಾರೆ. ಅವಸರ ಇರೋರು ಕೇಳ್ಬೇಕಾದ ಪ್ರಶ್ನೆ ಬೇರೆ: ನಂಗೆ ಬೇಗ ಪೇಟೆಂಟ್ ಬೇಕಾಗಿರೋದು ಯಾವ ದೇಶದಲ್ಲಿ, ಆ ದೇಶದ ಆಫೀಸ್ ಈ ಸರ್ಚ್ ಅಥಾರಿಟಿಯ ಒಪಿನಿಯನ್ನನ್ನ ಪಿಪಿಎಚ್‌ಗೆ ಒಪ್ಕೊಳ್ಳತ್ತಾ?

ಪಿಪಿಎಚ್ ಅಂದ್ರೆ ಪೇಟೆಂಟ್ ಪ್ರಾಸಿಕ್ಯೂಶನ್ ಹೈವೇ. ಒಂದು ಆಫೀಸ್ ಈ ಕ್ಲೇಮ್ ಸರಿಯಿದೆ ಅಂದ್ರೆ ಇನ್ನೊಂದು ಆಫೀಸ್ ಅದೇ ಕ್ಲೇಮನ್ನ ಕ್ಯೂ ತಪ್ಪಿಸಿ ಮುಂದೆ ತಗೊಳ್ಳತ್ತೆ, ಇಷ್ಟೇ ಐಡಿಯಾ. 2006ರಲ್ಲಿ ಜಪಾನ್ ಮತ್ತೆ ಅಮೆರಿಕದ ಆಫೀಸುಗಳ ಮಧ್ಯೆ ಟ್ರಯಲ್ ಆಗಿ ಶುರುವಾಗಿದ್ದು. 2010ರ ಜನವರಿಯಿಂದ ಅಮೆರಿಕ, ಜಪಾನ್, ಯುರೋಪ್ ಮೂರೂ ಸೇರಿ ಪಿಸಿಟಿ ಒಪಿನಿಯನ್ನಿಗೂ ಇದನ್ನ ಹಿಗ್ಗಿಸಿದ್ವು, ಅದೇ ಪಿಸಿಟಿ-ಪಿಪಿಎಚ್. 2014ರ ಜನವರಿಯಲ್ಲಿ ಗ್ಲೋಬಲ್ ಪಿಪಿಎಚ್ ಬಂತು, ಅದರೊಳಗಿರೋ ಯಾವ ಆಫೀಸಿನ ಒಪಿನಿಯನ್ ಇದ್ರೂ ಉಳಿದ ಎಲ್ಲಾ ಕಡೆ ನಡೆಯತ್ತೆ. ಆದ್ರೆ ಇಲ್ಲೊಂದು ಗುಂಡಿ ಇದೆ. ಯುರೋಪಿಯನ್ ಪೇಟೆಂಟ್ ಆಫೀಸೂ ಚೀನಾದ ಆಫೀಸೂ ಗ್ಲೋಬಲ್ ಪಿಪಿಎಚ್ ಒಳಗಿಲ್ಲ. ಅವು ಐದು ದೊಡ್ಡ ಆಫೀಸುಗಳ ಐಪಿ5 ಪಿಪಿಎಚ್ ಒಳಗಿವೆ, ಅದರಾಚೆಗೆ ಒಂದೊಂದು ಆಫೀಸಿನ ಜೊತೆ ಬೇರೆ ಬೇರೆ ಒಪ್ಪಂದ. ಹಾಗಾಗಿ ಯಾವುದಕ್ಕೆ ಯಾವುದು ನಡೆಯತ್ತೆ ಅಂತ ಊಹೆ ಮಾಡ್ಬೇಡಿ, ಜಪಾನ್ ಆಫೀಸ್ ನಡೆಸೋ ಪಿಪಿಎಚ್ ಪೋರ್ಟಲ್‌ನಲ್ಲಿ ದೊಡ್ಡ ಟೇಬಲ್ ಇದೆ, ಪಿಸಿಟಿ ಹಾಕೋಕೆ ಮುಂಚೆನೇ ತೆಗೆದು ನೋಡಿ.

ಮತ್ತೆ ಕೆಲವು ವಿಷಯಗಳಿಗೆ ಸರ್ಚ್ ಅಥಾರಿಟಿ ಒಪಿನಿಯನ್ನೇ ಕೊಡ್ದೆ ಇರಬಹುದು, ಬಿಸಿನೆಸ್ ಮೆಥಡ್, ಮನುಷ್ಯರ ಚಿಕಿತ್ಸಾ ವಿಧಾನ ಇಂಥವಕ್ಕೆ ಪಿಸಿಟಿ ನಿಯಮ 39ರಲ್ಲೇ ವಿನಾಯಿತಿ ಇದೆ. ಒಪಿನಿಯನ್ ಇಲ್ಲ ಅಂದ್ರೆ ಪಿಪಿಎಚ್ ಇಲ್ಲ. ಚಿಕಿತ್ಸಾ ವಿಧಾನದ ಕ್ಲೇಮ್ ಇದ್ರೆ ಜೊತೆಗೆ ಸಾಧನದ ಕ್ಲೇಮೋ ಸಂಯೋಜನೆಯ ಕ್ಲೇಮೋ ಇಟ್ಟಿರಿ.

ಕ್ಲೇಮ್ ಬರೆಯೋವಾಗ ಕೊನೇದನ್ನ ಯೋಚ್ನೆ ಮಾಡಿ

ಇದು ನನ್ನ ಪ್ರಕಾರ ಇಡೀ ಕೆಲಸದ ತಿರುಳು. ಅವಸರ ಇಲ್ದೋರು ಕ್ಲೇಮ್ 1ನ ಆದಷ್ಟು ಅಗಲವಾಗಿ ಬರೆದು, ಎಕ್ಸಾಮಿನರ್ ತಿರಸ್ಕರಿಸಲಿ ಆಮೇಲೆ ನೋಡ್ಕೊಳ್ಳೋಣ ಅಂತ ಬಿಡಬಹುದು. ಅವಸರ ಇರೋರಿಗೆ ಕನಿಷ್ಠ ಒಂದು ಕ್ಲೇಮಾದ್ರೂ ಮೊದಲ ಒಪಿನಿಯನ್ನಲ್ಲೇ ಪಾಸಾಗ್ಬೇಕು, ಅದೂ ಮೂರಕ್ಕೆ ಮೂರೂ: ಹೊಸತನ, ಇನ್ವೆಂಟಿವ್ ಸ್ಟೆಪ್ (ಆ ಕ್ಷೇತ್ರ ಗೊತ್ತಿರೋರಿಗೆ ಸುಲಭವಾಗಿ ಹೊಳೆಯದ್ದು), ಉದ್ಯಮದಲ್ಲಿ ಬಳಕೆ. ಹಾಗಾಗಿ ಡಿಪೆಂಡೆಂಟ್ ಕ್ಲೇಮುಗಳನ್ನ (ಮುಂಚಿನ ಕ್ಲೇಮಿಗೆ ಇನ್ನಷ್ಟು ವಿವರ ಸೇರಿಸೋ ಕ್ಲೇಮುಗಳು) ಕಾಟಾಚಾರಕ್ಕೆ ಬರೀಬೇಡಿ, "ಸದರಿ ವಾಲ್ವ್ ಲೋಹದ್ದಾಗಿದೆ" ಥರದ ಕ್ಲೇಮಿಂದ ಯಾರಿಗೂ ಉಪಯೋಗ ಇಲ್ಲ. ನಿಮ್ಮ ಪ್ರಾಡಕ್ಟಿನ ಜೀವ ಯಾವ ಭಾಗದಲ್ಲಿದೆಯೋ ಅದನ್ನ ಒಂದು ಡಿಪೆಂಡೆಂಟ್ ಕ್ಲೇಮಲ್ಲಿ ಇಳಿಸಿ, ಮಾರ್ಕೆಟಲ್ಲಿ ನಿಜವಾಗ್ಲೂ ಮಾರೋ ರೂಪವನ್ನೇ.

ಒಂದು ವಾಲ್ವ್ ಅಂದ್ಕೊಳ್ಳಿ. ಕ್ಲೇಮ್ 1: ಒತ್ತಡ ಅಳೆಯೋ ಸೆನ್ಸರ್ ಇರೋ ವಾಲ್ವ್. 2 ಮತ್ತೆ 3: ಸೆನ್ಸರ್ ಯಾವ ಥರದ್ದು ಅನ್ನೋ ವಿವರ. ಕ್ಲೇಮ್ 4: ಆ ಸೆನ್ಸರ್ ವಾಲ್ವಿನ ಸ್ಪ್ರಿಂಗ್ ಒಳಗೇ ಕೂತಿದೆ. ಕ್ಲೇಮ್ 5: ಕ್ಲೇಮ್ 4ರಲ್ಲಿ ಸ್ಪ್ರಿಂಗೇ ಸಿಗ್ನಲ್ ವೈರಾಗಿ ಕೆಲಸ ಮಾಡತ್ತೆ. ಈ ಉದಾಹರಣೆ ಮುಂದೆ ಮತ್ತೆ ಬೇಕಾಗತ್ತೆ.

ಪ್ರಯಾರಿಟಿ ಅಪ್ಲಿಕೇಶನ್ನಿಗೆ ಯುರೋಪಿಯನ್ ಆಫೀಸೇ ಸರ್ಚ್ ಮಾಡಿದ್ದು, ಪಿಸಿಟಿ ಸರ್ಚ್ ಕೂಡ ಅವರೇ ಮಾಡೋದು ಅಂತಾದ್ರೆ ಪಿಸಿಟಿ ಡೈರೆಕ್ಟ್ ಅಂತ ಒಂದು ಸೌಲಭ್ಯ ಇದೆ. ಹಳೇ ಒಪಿನಿಯನ್ನಲ್ಲಿ ಎತ್ತಿದ್ದ ಆಕ್ಷೇಪಗಳಿಗೆ ಉತ್ತರ ಬರೆದು ಆ ಪತ್ರವನ್ನ ಪಿಸಿಟಿ ಅಪ್ಲಿಕೇಶನ್ ಜೊತೆಗೇ ಲಗತ್ತಿಸೋದು, ಎಕ್ಸಾಮಿನರ್ ಅದನ್ನ ನೋಡ್ಕೊಂಡೇ ಹೊಸ ಒಪಿನಿಯನ್ ಬರೀತಾರೆ. ಒಂದು ಸುತ್ತು ಪತ್ರವ್ಯವಹಾರ ಇಲ್ಲೇ ಉಳೀತು.

ಒಪಿನಿಯನ್ ಬಂತು, ಹೇಗೆ ಓದೋದು

ಎರಡು ದಾಖಲೆ ಬರತ್ತೆ. ಐಎಸ್ಎ 210 ಅನ್ನೋದು ಸರ್ಚ್ ರಿಪೋರ್ಟ್, ಅದರಲ್ಲಿ ಸಿಕ್ಕಿದ ಹಳೇ ದಾಖಲೆಗಳ ಪಟ್ಟಿ. ಐಎಸ್ಎ 237 ಅನ್ನೋದು ರಿಟನ್ ಒಪಿನಿಯನ್. ಪಿಪಿಎಚ್‌ಗೆ ಬೇಕಾಗಿರೋದು ಎರಡನೇದು, ಸರ್ಚ್ ರಿಪೋರ್ಟ್ ಒಂದನ್ನೇ ಇಟ್ಕೊಂಡು ಹೋದ್ರೆ ನಡೆಯಲ್ಲ.

237ರಲ್ಲಿ ನೇರ ಬಾಕ್ಸ್ 5ಕ್ಕೆ ಹೋಗಿ. ಅಲ್ಲಿ ಮೂರು ಸಾಲು ಇರತ್ತೆ, ಪ್ರತಿ ಸಾಲಲ್ಲೂ ಯಾವ ಕ್ಲೇಮಿಗೆ ಯೆಸ್, ಯಾವುದಕ್ಕೆ ನೋ ಅಂತ. ನಮ್ಮ ವಾಲ್ವಿಗೆ ಹೊಸತನದಲ್ಲಿ 3ರಿಂದ 5 ಯೆಸ್, 1 ಮತ್ತೆ 2 ನೋ. ಇನ್ವೆಂಟಿವ್ ಸ್ಟೆಪ್‌ನಲ್ಲಿ 4 ಮತ್ತೆ 5 ಯೆಸ್, 1ರಿಂದ 3 ನೋ. ಉದ್ಯಮ ಬಳಕೆ ಎಲ್ಲಾ ಯೆಸ್. ಅಂದ್ರೆ ಮೂರೂ ಸಾಲಲ್ಲಿ ಯೆಸ್ ಇರೋದು 4 ಮತ್ತೆ 5. ಇಷ್ಟು ನೋಡಿ "ಒಪಿನಿಯನ್ ನೆಗೆಟಿವ್ ಬಂತು" ಅಂತ ಬೇಜಾರಾಗೋರು ಬಹಳ ಜನ, ವಾಸ್ತವದಲ್ಲಿ ಹೈವೇ ಹತ್ತೋಕೆ ಇದು ಸಾಕು.

ಆಮೇಲೆ ಬಾಕ್ಸ್ 8 ನೋಡ್ದೆ ಫೈಲ್ ಮುಚ್ಬೇಡಿ. ಕ್ಲೇಮಿನ ಪದ ಅಸ್ಪಷ್ಟ, ವಿವರಣೆಯಲ್ಲಿ ಆಧಾರ ಇಲ್ಲ, ಇಂಥ ಟಿಪ್ಪಣಿ ಅಲ್ಲಿರತ್ತೆ. ಅಲ್ಲಿ ಏನಾದ್ರೂ ಬರೆದಿದ್ರೆ ಆ ದೋಷ ನಮ್ಮ ಕ್ಲೇಮಿಗೆ ಯಾಕೆ ಅನ್ವಯಿಸಲ್ಲ, ಅಥವಾ ಹೇಗೆ ಸರಿ ಮಾಡಿದ್ದೀವಿ ಅಂತ ಪಿಪಿಎಚ್ ಅರ್ಜಿಯಲ್ಲೇ ವಿವರಣೆ ಕೊಡ್ಬೇಕು. ಇದನ್ನ ಬಿಟ್ಟಿದ್ದಕ್ಕೇ ವಾಪಸ್ ಬರೋ ಅರ್ಜಿಗಳಿವೆ.

ಒಂದೂ ಕ್ಲೇಮಿಗೆ ಪೂರ್ತಿ ಯೆಸ್ ಬಂದಿಲ್ಲ ಅಂದ್ರೆ? ಇಲ್ಲಿ ಪಿಸಿಟಿಯ ಆರ್ಟಿಕಲ್ 19 ಅಡಿ ಕ್ಲೇಮ್ ತಿದ್ದಿಬಿಟ್ರೆ ಸರಿಹೋಗತ್ತೆ ಅಂತ ತಿಳ್ಕೊಳ್ಳೋದು ಸಹಜ. ತಿದ್ದಬಹುದು, ಸರ್ಚ್ ರಿಪೋರ್ಟ್ ಬಂದು 2 ತಿಂಗಳು ಅಥವಾ ಪ್ರಯಾರಿಟಿಯಿಂದ 16 ತಿಂಗಳು, ಯಾವುದು ತಡವೋ ಅಲ್ಲೀವರೆಗೆ. ಆದ್ರೆ ಸರ್ಚ್ ಅಥಾರಿಟಿ ಆ ತಿದ್ದುಪಡಿಯನ್ನ ಮತ್ತೆ ಕೂತು ನೋಡಲ್ಲ, ಒಪಿನಿಯನ್ ಹೇಗಿತ್ತೋ ಹಾಗೇ ಇರತ್ತೆ. ಒಪಿನಿಯನ್ ಬದಲಾಗ್ಬೇಕು ಅಂದ್ರೆ ಚಾಪ್ಟರ್ 2ರ ಡಿಮ್ಯಾಂಡ್ ಹಾಕಿ, ಫೀಸ್ ಕಟ್ಟಿ, ಆರ್ಟಿಕಲ್ 34 ಅಡಿ ತಿದ್ದಿ, ವಾದ ಬರೀಬೇಕು. ಅದರ ಕೊನೆಗೆ ಬರೋ ಐಪಿಇಎ 409 ರಿಪೋರ್ಟ್ ಪಾಸಿಟಿವ್ ಆಗಿದ್ರೆ ಅದೂ ಪಿಪಿಎಚ್‌ಗೆ ಟಿಕೆಟ್. ಟೈಮ್ ಹಿಡಿಯತ್ತೆ, ದುಡ್ಡೂ ಹೋಗತ್ತೆ, ಆದ್ರೆ ನಾಲ್ಕೈದು ದೇಶಕ್ಕೆ ಹೋಗೋರಿಗೆ ಒಂದೇ ಕಡೆ ಜಗಳ ಮುಗಿಸಿಕೊಂಡು ಹೋಗೋದು ಲಾಭ. ಒಂದೇ ದೇಶ ಸಾಕು ಅನ್ನೋರು ಈ ಗೋಜಿಗೆ ಹೋಗ್ದೆ ಆ ದೇಶದ್ದೇ ಸ್ಪೀಡ್ ಸ್ಕೀಮ್ ಹಿಡಿಯೋದು ವಾಸಿ.

ಅರ್ಲಿ ಎಂಟ್ರಿ ಮತ್ತೆ ಅರ್ಜಿ

30 ತಿಂಗಳಿಗೆ ಮುಂಚೆ ಎಂಟ್ರಿ ಆಗೋಕೆ ಯಾವ ಅಡ್ಡಿನೂ ಇಲ್ಲ. ಆದ್ರೆ ಸುಮ್ನೆ ಫೀಸ್ ಕಟ್ಟಿ ಟ್ರಾನ್ಸ್‌ಲೇಶನ್ ಕೊಟ್ರೆ ಮಾತ್ರ ಸಾಲದು, ಆಫೀಸ್ ಗಡುವು ಮುಗಿಯೋವರೆಗೂ ಫೈಲ್ ಮುಟ್ಟೋ ಹಾಗಿಲ್ಲ ಅನ್ನೋದು ಪಿಸಿಟಿಯ ನಿಯಮ. ಆರ್ಟಿಕಲ್ 23(2) ಅಡಿ, ಚಾಪ್ಟರ್ 2ರಲ್ಲಿದ್ರೆ 40(2) ಅಡಿ, "ಈಗ್ಲೇ ಶುರು ಮಾಡಿ" ಅಂತ ಸ್ಪಷ್ಟವಾಗಿ ರಿಕ್ವೆಸ್ಟ್ ಕೊಡ್ಬೇಕು. ಇದೊಂದು ಸಾಲು ಮರೆತು ಬೇಗ ಎಂಟ್ರಿ ಆದೋರ ಫೈಲು ತಿಂಗಳುಗಟ್ಲೆ ಶೆಲ್ಫಲ್ಲಿ ಕೂತಿರತ್ತೆ. ಇನ್ನೊಂದು, ಒಪಿನಿಯನ್ ಬರೋಕೆ ಮುಂಚೆನೇ ಎಂಟ್ರಿ ಆಗ್ಬೇಡಿ, ಕೈಯಲ್ಲಿ 237 ಇಲ್ದೆ ಪಿಪಿಎಚ್ ಕೇಳೋಕಾಗಲ್ಲ.

ಪಿಪಿಎಚ್ ಅರ್ಜಿಗೆ ಬೇಕಾಗೋದು ಸಾಮಾನ್ಯವಾಗಿ ಇವು: ಆಫೀಸಿನ ಪಿಪಿಎಚ್ ಫಾರ್ಮ್, ರಿಟನ್ ಒಪಿನಿಯನ್ ಅಥವಾ ಚಾಪ್ಟರ್ 2 ರಿಪೋರ್ಟಿನ ಕಾಪಿ, ಯೆಸ್ ಬಂದ ಕ್ಲೇಮುಗಳ ಕಾಪಿ, ಬೇಕಿದ್ರೆ ಇವುಗಳ ಟ್ರಾನ್ಸ್‌ಲೇಶನ್, ಒಪಿನಿಯನ್ನಲ್ಲಿ ಉಲ್ಲೇಖಿಸಿದ ಪೇಟೆಂಟ್ ಅಲ್ಲದ ದಾಖಲೆಗಳು, ಮತ್ತೆ ಕ್ಲೇಮ್ ಹೋಲಿಕೆಯ ಟೇಬಲ್. 2014ರ ಜುಲೈಯಿಂದ ಪಬ್ಲಿಷ್ ಆದ ದಿನವೇ ರಿಟನ್ ಒಪಿನಿಯನ್ ಕೂಡ ವೈಪೋದ ಪೇಟೆಂಟ್‌ಸ್ಕೋಪ್‌ನಲ್ಲಿ ಸಿಗೋದ್ರಿಂದ ಎಷ್ಟೋ ಆಫೀಸುಗಳು ಕಾಪಿ ಕೇಳ್ದೆ ಅಲ್ಲಿಂದಲೇ ತಗೊಳ್ತವೆ.

ಅರ್ಜಿಗಳು ಎಡವೋದು ಜಾಸ್ತಿ ಈ ಟೇಬಲ್‌ನಲ್ಲಿ. ನೀವು ಆ ದೇಶದಲ್ಲಿ ಕೊಡೋ ಪ್ರತಿ ಕ್ಲೇಮೂ ಯೆಸ್ ಬಂದ ಯಾವ್ದೋ ಒಂದು ಕ್ಲೇಮಿಗೆ ಹೊಂದ್ಬೇಕು, ವ್ಯಾಪ್ತಿ ಅದೇ ಇರಬೇಕು ಇಲ್ಲಾ ಅದಕ್ಕಿಂತ ಕಿರಿದಾಗಿರಬೇಕು. ನಮ್ಮ ವಾಲ್ವಿಗೆ ಟೇಬಲ್ ಹೀಗಿರತ್ತೆ:

ಹೊಸ ಕ್ಲೇಮ್ 1 – ಪಿಸಿಟಿ ಕ್ಲೇಮ್ 4 – ಕ್ಲೇಮ್ 1ರ ಅಂಶ ಸೇರಿಸಿ ಸ್ವತಂತ್ರ ಕ್ಲೇಮಾಗಿ ಬರೆದಿದೆ, ವ್ಯಾಪ್ತಿ ಅದೇ.
ಹೊಸ ಕ್ಲೇಮ್ 2 – ಪಿಸಿಟಿ ಕ್ಲೇಮ್ 5 – ನಂಬರ್ ಮಾತ್ರ ಬದಲು.
ಹೊಸ ಕ್ಲೇಮ್ 3 – ಪಿಸಿಟಿ ಕ್ಲೇಮ್ 4 – ವಿವರಣೆಯಲ್ಲಿರೋ ಸೀಲ್ ರಿಂಗ್ ಸೇರಿಸಿದೆ, ವ್ಯಾಪ್ತಿ ಕಿರಿದು.

ಇದು ಪಾಸ್. ಇದರ ಜೊತೆಗೆ ಹೊಸ ಕ್ಲೇಮ್ 4 ಅಂತ "ವಾಲ್ವ್ ತಯಾರಿಸೋ ವಿಧಾನ" ಸೇರಿಸಿದ್ರೆ ಅರ್ಜಿ ಬಿತ್ತು, ಯಾಕಂದ್ರೆ ಯೆಸ್ ಬಂದಿರೋದು ವಸ್ತುವಿಗೆ, ವಿಧಾನ ಬೇರೆ ಕೆಟಗರಿ. ಹಳೇ ಅಗಲದ ಕ್ಲೇಮ್ 1ನ "ಇರ್ಲಿ ಬಿಡಿ" ಅಂತ ಹಾಗೇ ಉಳಿಸಿದ್ರೂ ಅದೇ ಕಥೆ. ಮೊದಲ ಆಫೀಸ್ ಆಕ್ಷನ್ನಿಗೆ (ಎಕ್ಸಾಮಿನರ್ ಆಕ್ಷೇಪ ಬರೆದು ಕಳ್ಸೋ ಪತ್ರ) ಮುಂಚೆ ಮತ್ತೆ ತಿದ್ದಿದ್ರೆ ಆಗಲೂ ಹೊಂದಾಣಿಕೆ ತಪ್ಪಬಾರದು.

ಅರ್ಜಿ ಹಾಕೋ ಟೈಮಿಂಗ್ ಕೂಡ ಮುಖ್ಯ. ಹೆಚ್ಚಿನ ಕಡೆ ಪರೀಕ್ಷೆ ಶುರುವಾಗೋಕೆ ಮುಂಚೆ ಹಾಕ್ಬೇಕು. ಚೀನಾದಲ್ಲಿ ಅಲ್ಲಿನ ಪಬ್ಲಿಕೇಶನ್ ಆಗಿರಬೇಕು, ಪರೀಕ್ಷೆಗೆ ರಿಕ್ವೆಸ್ಟ್ ಹಾಕಿರಬೇಕು, ಮೊದಲ ಆಫೀಸ್ ಆಕ್ಷನ್ ಬಂದಿರಬಾರದು, ಮತ್ತೆ ಒಟ್ಟು ಎರಡೇ ಅವಕಾಶ, ಎರಡನೇ ಸಲವೂ ತಪ್ಪಿದ್ರೆ ಮಾಮೂಲಿ ಕ್ಯೂ. ಅಮೆರಿಕ, ಜಪಾನ್‌ನಲ್ಲಿ ಪಿಪಿಎಚ್ ಅರ್ಜಿಗೆ ಪ್ರತ್ಯೇಕ ಫೀಸ್ ಇಲ್ಲ.

ಪಿಪಿಎಚ್ ಬಿಟ್ಟು ಬೇರೆ ದಾರಿ

ಬ್ರಿಟನ್‌ನಲ್ಲಿ 2010ರಿಂದ ಪಿಸಿಟಿ ಯುಕೆ ಫಾಸ್ಟ್ ಟ್ರ್ಯಾಕ್ ಇದೆ, ಇಂಟರ್‌ನ್ಯಾಷನಲ್ ರಿಪೋರ್ಟ್ ಪಾಸಿಟಿವ್ ಆಗಿದ್ದು ಕ್ಲೇಮ್ ಹೊಂದಿದ್ರೆ ಬೇರೆ ಕಾರಣ ಹೇಳೋ ಅಗತ್ಯನೇ ಇಲ್ದೆ ಪರೀಕ್ಷೆ ಬೇಗ ಮಾಡ್ತಾರೆ. ಜಪಾನ್‌ನಲ್ಲಿ ವಿದೇಶದಲ್ಲೂ ಅಪ್ಲಿಕೇಶನ್ ಇರೋರಿಗೆ ಫೀಸಿಲ್ಲದ ಆಕ್ಸಿಲರೇಟೆಡ್ ಎಕ್ಸಾಮಿನೇಶನ್ ಇದೆ. ಭಾರತದ ಆಫೀಸಲ್ಲಿ 2016ರ ನಿಯಮ 24ಸಿ ಪ್ರಕಾರ ಎಕ್ಸ್‌ಪಿಡೈಟೆಡ್ ಎಕ್ಸಾಮಿನೇಶನ್, ಫಾರ್ಮ್ 18ಎ. ಇದರಲ್ಲಿ ಒಂದು ವಿಶೇಷ ಏನಂದ್ರೆ ಪಿಸಿಟಿಯಲ್ಲಿ ಭಾರತವನ್ನೇ ಸರ್ಚ್ ಅಥಾರಿಟಿ ಅಂತ ಆರಿಸಿದ್ರೆ ಅದೇ ಅರ್ಹತೆ, ಒಪಿನಿಯನ್ ಪಾಸಿಟಿವ್ ಆಗ್ಬೇಕು ಅಂತಿಲ್ಲ. ಸ್ಟಾರ್ಟಪ್‌ಗಳಿಗೆ ಶುರುವಿಂದಲೇ ಇತ್ತು, 2019ರಲ್ಲಿ ಸಣ್ಣ ಸಂಸ್ಥೆಗಳನ್ನೂ ಮಹಿಳಾ ಅರ್ಜಿದಾರರನ್ನೂ ಸೇರಿಸಿದ್ರು.

ಯುರೋಪಲ್ಲಿ ಪೇಸ್ ಅನ್ನೋ ಸ್ಕೀಮ್, ಫಾರ್ಮ್ 1005, ಫೀಸಿಲ್ಲ, ಕಾರಣವೂ ಬೇಡ. ಆದ್ರೆ ಒಂದು ಹಂತಕ್ಕೆ ಒಂದೇ ಸಲ, ಮತ್ತೆ ಉತ್ತರಕ್ಕೆ ಟೈಮ್ ಎಕ್ಸ್‌ಟೆನ್ಶನ್ ಕೇಳಿದ ಕ್ಷಣ ಹೊರಗೆ. ನನಗೆ ಕೇಳಿದ್ರೆ ಯುರೋಪಲ್ಲಿ ಪೇಸ್‌ಗಿಂತ ಮುಂಚೆ ಮಾಡ್ಬೇಕಾದ ಕೆಲಸ ನಿಯಮ 161 ಮತ್ತೆ 162ರ ನೋಟಿಸನ್ನ ಬಿಟ್ಟುಕೊಡೋದು. ಎಂಟ್ರಿ ಆದ್ಮೇಲೆ ಆಫೀಸ್ ಒಂದು ನೋಟಿಸ್ ಕಳ್ಸಿ 6 ತಿಂಗಳು ಕಾಯತ್ತೆ, ಎಂಟ್ರಿಯ ಫಾರ್ಮ್ 1200ರಲ್ಲೇ ಒಂದು ಟಿಕ್ ಹಾಕಿ, ಕೊಡ್ಬೇಕಾದ ಉತ್ತರ ಮತ್ತೆ ಕ್ಲೇಮ್ ಫೀಸ್ ಆಗ್ಲೇ ಕೊಟ್ಬಿಟ್ರೆ ಆ ಆರು ತಿಂಗಳು ಪೂರ್ತಿ ಉಳಿಯತ್ತೆ.

ಅಮೆರಿಕದಲ್ಲಿ ಹೆಚ್ಚುವರಿ ಫೀಸ್ ಕಟ್ಟಿ ಬೇಗ ಪರೀಕ್ಷೆ ಮಾಡಿಸ್ಕೊಳ್ಳೋ ಟ್ರ್ಯಾಕ್ ಒನ್ ದುಬಾರಿ, ಆದ್ರೆ ಒಪಿನಿಯನ್ ಹೇಗಿದ್ರೂ ನಡೆಯತ್ತೆ, 12 ತಿಂಗಳಲ್ಲಿ ಅಂತಿಮ ನಿರ್ಧಾರ ಅನ್ನೋದು ಗುರಿ. ಸ್ವತಂತ್ರ ಕ್ಲೇಮ್ 4, ಒಟ್ಟು 30 ಮೀರಬಾರದು. ತೊಡಕು ಏನಂದ್ರೆ ಮಾಮೂಲಿ ನ್ಯಾಷನಲ್ ಫೇಸ್ ಎಂಟ್ರಿಗೆ ಶುರುವಲ್ಲೇ ಇದು ಸಿಗಲ್ಲ. ಅದಕ್ಕೆ ಪಿಸಿಟಿ ಜೀವಂತ ಇರೋವಾಗ್ಲೇ ಅದರ ಮುಂದುವರಿಕೆ ಅಂತ ಹೊಸ ಅಮೆರಿಕನ್ ಅಪ್ಲಿಕೇಶನ್ ಹಾಕ್ತಾರೆ, ಬೈಪಾಸ್ ಕಂಟಿನ್ಯೂಯೇಶನ್ ಅಂತ ಕರೀತಾರೆ, ಅದಕ್ಕೆ ಟ್ರ್ಯಾಕ್ ಒನ್ ಅಂಟಿಸಬಹುದು. ಈ ನಿರ್ಧಾರ ಎಂಟ್ರಿಗೆ ಮುಂಚೆನೇ ಆಗ್ಬೇಕು.

ಗ್ರಾಂಟ್ ಬೇಗ ಬಂದ್ರೆ ಗಡುವೂ ಬೇಗ ಬರತ್ತೆ

ಪಿಪಿಎಚ್ ಒಪ್ಪಿಗೆ ಅಂದ್ರೆ ಗ್ರಾಂಟ್ ಅಲ್ಲ, ಪ್ರತಿ ಆಫೀಸ್ ತನ್ನ ಕಾನೂನಿನ ಪ್ರಕಾರ ಮತ್ತೆ ನೋಡತ್ತೆ, ಹೊಸ ದಾಖಲೆ ಹುಡುಕಿ ತಿರಸ್ಕರಿಸಲೂಬಹುದು. ಆಫೀಸ್ ಆಕ್ಷನ್ ಬಂದ್ರೆ ಗಡುವಿನ ಕೊನೇ ದಿನದವರೆಗೂ ಕೂತು ಉತ್ತರ ಕೊಟ್ರೆ ಇಷ್ಟೆಲ್ಲಾ ಮಾಡಿದ್ದು ಯಾಕೆ? ಖರ್ಚಿನ ಲೆಕ್ಕವೂ ಬದಲಾಗತ್ತೆ, 30ನೇ ತಿಂಗಳಿಗೆ ಅಂತ ಇಟ್ಟಿದ್ದ ಟ್ರಾನ್ಸ್‌ಲೇಶನ್, ಏಜೆಂಟ್, ಆಫೀಸ್ ಫೀಸ್ ಎಲ್ಲಾ 17ನೇ ತಿಂಗಳಿಗೇ ಬಂದು ನಿಲ್ತವೆ. ದುಡ್ಡಿಲ್ದೆ ಐದು ದೇಶಕ್ಕೆ ಒಟ್ಟಿಗೆ ಅರ್ಲಿ ಎಂಟ್ರಿ ಮಾಡೋ ಬದಲು ಒಂದು ದೇಶದಲ್ಲಿ ಮಾತ್ರ ಬೇಗ ಹೋಗಿ, ಉಳಿದವಕ್ಕೆ ಮಾಮೂಲಿ ಗಡುವು ಇಟ್ಕೊಳ್ಳಿ. ಆ ಮೊದಲ ದೇಶದಲ್ಲಿ ಕ್ಲೇಮ್ ಪಾಸಾದ್ರೆ ಅದನ್ನೇ ತೋರಿಸಿ ಉಳಿದ ಕಡೆ ಮಾಮೂಲಿ ಪಿಪಿಎಚ್ ಕೇಳಬಹುದು.

ಇನ್ನು ಬೇಗ ಗ್ರಾಂಟ್ ಆಗೋ ಆಸೆಗೆ ನೀವು ಅಗಲದ ಕ್ಲೇಮ್ 1ನ ಬಿಟ್ಟು ಕಿರಿದಾದ 4ನ ಹಿಡ್ಕೊಂಡಿದ್ದೀರಲ್ಲ, ಆ ಬಿಟ್ಟಿದ್ದು ಮುಂದೆ ಬೇಕು ಅಂದ್ರೆ ಡಿವಿಜನಲ್ ಅಥವಾ ಅಮೆರಿಕದಲ್ಲಿ ಕಂಟಿನ್ಯೂಯೇಶನ್, ಅಂದ್ರೆ ಮೂಲ ಅಪ್ಲಿಕೇಶನ್ನಿಂದ ಕವಲೊಡೆಯೋ ಇನ್ನೊಂದು ಅಪ್ಲಿಕೇಶನ್, ಹಾಕ್ಬೇಕು. ಅದಕ್ಕೆ ಮೂಲ ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇರಬೇಕು, ಯುರೋಪಲ್ಲಿ ಗ್ರಾಂಟಿನ ಪ್ರಕಟಣೆ ಬರೋ ಹಿಂದಿನ ದಿನದವರೆಗೆ, ಅಮೆರಿಕದಲ್ಲಿ ಪೇಟೆಂಟ್ ಇಶ್ಯೂ ಆಗೋ ಮುಂಚೆ. ನಿಧಾನದ ಕ್ಯೂನಲ್ಲಿ ಇದಕ್ಕೆ ವರ್ಷಗಟ್ಲೆ ಟೈಮ್ ಇರ್ತಿತ್ತು, ಫಾಸ್ಟ್ ಟ್ರ್ಯಾಕ್‌ನಲ್ಲಿ ಅಲೋಯನ್ಸ್ ನೋಟಿಸ್ (ಪೇಟೆಂಟ್ ಕೊಡ್ತೀವಿ ಅನ್ನೋ ಸೂಚನೆ) ಬಂದ ಮೇಲೆ ಯೋಚ್ನೆ ಮಾಡೋಕೆ ಕೂತ್ರೆ ಕೈ ಮೀರಿರಬಹುದು. ಹಾಗಾಗಿ ಪಿಪಿಎಚ್ ಅರ್ಜಿ ಕಳ್ಸೋ ದಿನವೇ ನಿಮ್ಮ ಏಜೆಂಟ್ ಹತ್ರ ಡಿವಿಜನಲ್ ಹಾಕೋದಾ ಬೇಡ್ವಾ ಅಂತ ಮಾತಾಡಿ, ಹಾಕೋದಾದ್ರೆ ಅದರ ಕ್ಲೇಮುಗಳ ಡ್ರಾಫ್ಟ್ ಆಗ್ಲೇ ರೆಡಿ ಮಾಡಿಸಿ ಇಟ್ಕೊಳ್ಳಿ. ಆ ಡಿವಿಜನಲ್ ಕೂಡ ಬೇಗ ಆಗ್ಬೇಕು ಅಂದ್ರೆ ಅದಕ್ಕೆ ಬೇರೆ ಪಿಪಿಎಚ್ ಅರ್ಜಿ, ಬೇರೆ ಟೇಬಲ್, ಮತ್ತೆ ಯೆಸ್ ಬಂದ ಕ್ಲೇಮಿಗೇ ಹೊಂದ್ಬೇಕು. ಅಗಲದ ಕ್ಲೇಮಿಗೆ ಯೆಸ್ ಬಂದಿಲ್ವಲ್ಲ, ಅದು ಮಾಮೂಲಿ ಕ್ಯೂನಲ್ಲೇ ಬರತ್ತೆ.